ಯೂರಿನ್ ಟೆಸ್ಟ್ ನೋಡಿ ಮಸಲ್ ಎಷ್ಟಿದೆ ಅಂತ ಹೇಳಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 23 ವರ್ಷ, ತೂಕ 70 ಕೆಜಿ. ಜಿಮ್‌ಗೆ ಹೋಗುತ್ತೇನೆ. ಬೇರೆ ಯಾವುದೋ ಕಾರಣಕ್ಕೆ ಯೂರಿನ್ ಟೆಸ್ಟ್ ಮಾಡಿಸಿದಾಗ ಕ್ರಿಯಾಟಿನಿನ್ 210 ಮಿಗ್ರಾಂ/ಡೆಸಿಲೀಟರ್ ಅಂತ ಬಂತು. ನನ್ನ ಗೆಳೆಯನದು 85. ಅವನು ನನಗಿಂತ ದಪ್ಪ, ನನಗಿಂತ ಜಾಸ್ತಿ ತೂಕವನ್ನೂ ಎತ್ತುತ್ತಾನೆ. ಕ್ರಿಯಾಟಿನಿನ್ ಜಾಸ್ತಿ ಇದ್ದರೆ ಮಸಲ್ ಜಾಸ್ತಿ ಅಂತ ಒಬ್ಬರು ಹೇಳುತ್ತಾರೆ, ಕಿಡ್ನಿ ಹೋಗುತ್ತಿದೆ ಅಂತ ಇನ್ನೊಬ್ಬರು ಹೆದರಿಸುತ್ತಾರೆ. ಯಾವುದು ನಿಜ? ಸ್ನಾಯು ಎಷ್ಟಿದೆ, ಎಷ್ಟು ಗಟ್ಟಿ ಇದೆ ಅಂತ ಹೇಳುವ ಮೂತ್ರ ಪರೀಕ್ಷೆ ಏನಾದರೂ ಇದೆಯಾ?

ಉತ್ತರ (ಕ್ಲಿನಿಕಲ್ ಬಯೋಕೆಮಿಸ್ಟ್): ಇಬ್ಬರು ಹೇಳಿದ್ದೂ ಸರಿಯಲ್ಲ. ಆ 210 ಮತ್ತು 85ರಲ್ಲಿ ಮುಖ್ಯವಾಗಿ ಕಾಣುತ್ತಿರುವುದು ಅವತ್ತು ನೀವಿಬ್ಬರು ಎಷ್ಟು ನೀರು ಕುಡಿದಿದ್ದಿರಿ ಅನ್ನೋದು, ಅಷ್ಟೇ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕ್ರಿಯಾಟಿನ್ ಅಂದರೆ ಸ್ನಾಯುವಿಗೆ ಶಕ್ತಿ ಒದಗಿಸಲು ನೆರವಾಗುವ ವಸ್ತು, ಕ್ರಿಯಾಟಿನಿನ್ ಅದರಿಂದ ಆಗುವ ತ್ಯಾಜ್ಯ. ದೇಹದಲ್ಲಿರುವ ಕ್ರಿಯಾಟಿನ್‌ನಲ್ಲಿ ಸುಮಾರು 95% ಇರೋದು ಸ್ನಾಯುವಿನಲ್ಲಿ. ಅದರಲ್ಲಿ ದಿನಕ್ಕೆ ಹೆಚ್ಚುಕಡಿಮೆ 1.7% ತಾನಾಗಿಯೇ ಕ್ರಿಯಾಟಿನಿನ್ ಆಗುತ್ತದೆ. ಅದಕ್ಕೆ ಯಾವ ಎಂಜೈಮೂ ಬೇಕಿಲ್ಲ, ನೀವು ವ್ಯಾಯಾಮ ಮಾಡಿ, ಮಲಗಿರಿ, ಅದರ ಪಾಡಿಗೆ ಅದು ನಡೆಯುತ್ತದೆ. ಆಮೇಲೆ ರಕ್ತಕ್ಕೆ ಬಂದು, ಕಿಡ್ನಿ ಮೂಲಕ ಮೂತ್ರಕ್ಕೆ ಹೋಗುತ್ತದೆ. ಹಾಗಾಗಿ ಇಡೀ ದಿನ ಹೊರಗೆ ಹೋದ ಒಟ್ಟು ಕ್ರಿಯಾಟಿನಿನ್ ಗೊತ್ತಾದರೆ ಸ್ನಾಯುವಿನ ಅಂದಾಜು ಸಿಗುತ್ತದೆ. ನಿಮ್ಮ ರಿಪೋರ್ಟ್‌ನಲ್ಲಿ ಇರೋದು ಒಟ್ಟು ಪ್ರಮಾಣ ಅಲ್ಲ, ಒಂದು ಡೆಸಿಲೀಟರ್‌ನಲ್ಲಿ ಎಷ್ಟಿದೆ ಅನ್ನೋದು ಮಾತ್ರ. ಎರಡು ಲೋಟ ನೀರು ಜಾಸ್ತಿ ಕುಡಿದರೆ ಅದು ಇಳಿಯುತ್ತದೆ. ಮಸಲ್ ಇಳಿಯಲಿಲ್ಲ ಅಲ್ವಾ?

ನಿಜವಾಗಲೂ ನೋಡಬೇಕಿದ್ದರೆ 24 ಗಂಟೆಯ ಮೂತ್ರ ಸಂಗ್ರಹಿಸಬೇಕು. ಬೆಳಗ್ಗೆ ಎದ್ದ ಕೂಡಲೇ ಹೋಗುವುದನ್ನು ಬಿಟ್ಟು, ಅಲ್ಲಿಂದ ಮರುದಿನ ಬೆಳಗಿನ ಮೊದಲನೆಯದೂ ಸೇರಿ ಎಲ್ಲವನ್ನೂ ಕ್ಯಾನ್‌ಗೆ ಹಾಕಬೇಕು. ಗಂಡಸರಲ್ಲಿ ಸಾಮಾನ್ಯವಾಗಿ ಪ್ರತಿ ಕೆಜಿ ತೂಕಕ್ಕೆ ದಿನಕ್ಕೆ 14ರಿಂದ 26 ಮಿಗ್ರಾಂ, ಹೆಂಗಸರಲ್ಲಿ 11ರಿಂದ 20 ಮಿಗ್ರಾಂ. ನಿಮ್ಮ ತೂಕಕ್ಕೆ ಸುಮಾರು 980ರಿಂದ 1820 ಮಿಗ್ರಾಂ ಆಯಿತು. ದಿನಕ್ಕೆ 1 ಗ್ರಾಂ ಕ್ರಿಯಾಟಿನಿನ್ ಅಂದರೆ 18ರಿಂದ 20 ಕೆಜಿ ಸ್ನಾಯು ಅನ್ನೋದು ಹಳೆಯ ಲೆಕ್ಕ. ಆದರೆ ಮಧ್ಯೆ ಒಂದು ಸಲ ಕ್ಯಾನ್ ಮರೆತು ಟಾಯ್ಲೆಟ್‌ಗೆ ಹೋದರೂ ಲೆಕ್ಕ ಹಾಳು (ಲ್ಯಾಬ್‌ನಲ್ಲಿ ಕೇಳಿ ನೋಡಿ, ಎಷ್ಟು ಜನ ಮರೆಯುತ್ತಾರೆ ಅಂತ ಹೇಳುತ್ತಾರೆ!). ಬೇಯಿಸಿದ ಮಾಂಸದಲ್ಲೂ ಕ್ರಿಯಾಟಿನಿನ್ ಇರುತ್ತದೆ, ಹಿಂದಿನ ದಿನ ಜಾಸ್ತಿ ತಿಂದಿದ್ದರೆ ಅದೂ ಇಲ್ಲಿ ಸೇರಿಕೊಳ್ಳುತ್ತದೆ.

ಕಿಡ್ನಿ ವಿಷಯಕ್ಕೆ ಬಂದರೆ, ಮೂತ್ರದ ಈ ಒಂದು ಸಂಖ್ಯೆ ನೋಡಿ ಯಾರೂ ಕಿಡ್ನಿ ಬಗ್ಗೆ ತೀರ್ಮಾನ ಮಾಡುವುದಿಲ್ಲ. ಅದಕ್ಕೆ ರಕ್ತದ ಕ್ರಿಯಾಟಿನಿನ್ ಬೇಕು, ಮೂತ್ರದಲ್ಲಿ ಅಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಹೋಗುತ್ತಿದೆಯಾ ಅಂತ ನೋಡಬೇಕು.

ಸಂಶೋಧನೆಯಲ್ಲಿ ಇನ್ನೂ ಒಳ್ಳೆಯ ವಿಧಾನ ಒಂದಿದೆ. ಡ್ಯುಟೀರಿಯಂ (ಗುರುತಿಗೆ ಬಳಸುವ ಭಾರದ ಹೈಡ್ರೋಜನ್) ಸೇರಿಸಿದ ಕ್ರಿಯಾಟಿನ್ ಅನ್ನು ಸುಮಾರು 30 ಮಿಗ್ರಾಂ ಕೊಟ್ಟು, ಅದು ಸ್ನಾಯುವಿನಲ್ಲೆಲ್ಲ ಬೆರೆಯಲು ಕೆಲವು ದಿನ ಬಿಟ್ಟು, ಖಾಲಿ ಹೊಟ್ಟೆಯ ಒಂದೇ ಮೂತ್ರದ ಸ್ಯಾಂಪಲ್ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಗುರುತು ಹಾಕಿದ ಕ್ರಿಯಾಟಿನಿನ್ ಎಷ್ಟು, ಮಾಮೂಲಿಯದು ಎಷ್ಟು ಅನ್ನೋ ಅನುಪಾತ ನೋಡುತ್ತಾರೆ. ಅನುಪಾತ ಆದ್ದರಿಂದ ನೀರು ಕುಡಿದದ್ದು ಲೆಕ್ಕಕ್ಕೆ ಬರಲ್ಲ. ವಯಸ್ಸಾದವರಲ್ಲಿ ನಡಿಗೆಯ ವೇಗ, ಕುರ್ಚಿಯಿಂದ ಏಳುವ ಶಕ್ತಿ ಇವುಗಳ ಜೊತೆ ಇದು ಚೆನ್ನಾಗಿ ಹೊಂದುತ್ತದೆ ಅಂತ ಕಂಡಿದೆ. ನಿಮ್ಮ ವಯಸ್ಸಿನವರು ಸುಮ್ನೆ ಮಾಡಿಸಿಕೊಳ್ಳುವ ಪರೀಕ್ಷೆ ಅಲ್ಲ.

ಇನ್ನು "ಎಷ್ಟು ಗಟ್ಟಿ" ಅನ್ನೋದನ್ನು ಮೂತ್ರ ಹೇಳುವುದೇ ಇಲ್ಲ. ಶಕ್ತಿ ಬರೋದು ಬರೀ ಮಾಂಸಖಂಡದಿಂದಲ್ಲ, ನರಗಳು ಎಷ್ಟು ಸ್ನಾಯುತಂತುಗಳನ್ನು ಒಟ್ಟಿಗೆ ಎಬ್ಬಿಸುತ್ತವೆ ಅನ್ನೋದರಿಂದಲೂ ಬರುತ್ತದೆ. ಜಿಮ್ ಶುರು ಮಾಡಿದ ಮೊದಲ ಕೆಲವು ವಾರ ಮಸಲ್ ಅಷ್ಟೇನೂ ಬೆಳೆಯದೆ ಶಕ್ತಿ ಏರೋದು ಇದೇ ಕಾರಣಕ್ಕೆ. ಕೈಹಿಡಿತ ಅಳೆಯುವ ಡೈನಮೋಮೀಟರ್ ಒತ್ತಿ ನೋಡಿ, ನಿಂತಲ್ಲಿಂದ ಎಷ್ಟು ಎತ್ತರ ಹಾರುತ್ತೀರಿ ಅಳೆಯಿರಿ. ಖರ್ಚು ಕಡಿಮೆ, ಉತ್ತರ ನೇರ.

ಪ್ರಶ್ನೆ: ಮೇಡಂ, ಟೈಟಿನ್ ಅಂತ ಒಂದು ಯೂರಿನ್ ಟೆಸ್ಟ್ ಬಗ್ಗೆ ಓದಿದೆ. ಮಸಲ್ ಡ್ಯಾಮೇಜ್ ತೋರಿಸುತ್ತದಂತೆ. ನಾನು ಫಿಸಿಯೋಥೆರಪಿ ಓದುತ್ತಿದ್ದೇನೆ, ಪ್ರಾಜೆಕ್ಟ್‌ಗೆ ಹುಡುಗರು, ಹುಡುಗಿಯರು ಇಬ್ಬರನ್ನೂ ಸೇರಿಸಿ ಹೋಲಿಸಬಹುದಾ?

ಉತ್ತರ: ಒಳ್ಳೆಯ ವಿಷಯ, ಆದರೆ ಒಂದು ಕಡೆ ಎಡವುತ್ತೀರಿ. ಟೈಟಿನ್ ನಮ್ಮ ದೇಹದ ಅತಿ ದೊಡ್ಡ ಪ್ರೋಟೀನ್, ಸ್ನಾಯುತಂತುವಿನೊಳಗೆ ಸ್ಪ್ರಿಂಗ್ ಇದ್ದ ಹಾಗೆ. ತಂತು ಹಾಳಾದರೆ ಅದರ ಒಂದು ತುದಿಯ ತುಂಡು ಮೂತ್ರದಲ್ಲಿ ಸಿಗುತ್ತದೆ. ಡುಷೆನ್ ಸ್ನಾಯುಕ್ಷಯ ಇರುವ ಮಕ್ಕಳಲ್ಲಿ ತುಂಬಾ ಜಾಸ್ತಿ ಇರುತ್ತದೆ. ಆರೋಗ್ಯವಂತ ಯುವಕರಲ್ಲೂ, ಭಾರವನ್ನು ನಿಧಾನಕ್ಕೆ ಇಳಿಸುವಂಥ ವ್ಯಾಯಾಮ ಅಭ್ಯಾಸ ಇಲ್ಲದೆ ಮಾಡಿದರೆ ಕೆಲವು ದಿನ ಏರುತ್ತದೆ, ರಕ್ತದ ಸಿಕೆ (ಕ್ರಿಯಾಟಿನ್ ಕೈನೇಸ್, ಸ್ನಾಯು ಹಾಳಾದಾಗ ರಕ್ತಕ್ಕೆ ಬರುವ ಎಂಜೈಮ್) ಏರುವ ಹಾಗೆ. ಸೂಜಿ ಚುಚ್ಚದೆ ದಿನಾ ಸ್ಯಾಂಪಲ್ ತೆಗೆಯಬಹುದು, ಅದೇ ಇದರ ಲಾಭ.

ಎಡವೋದು ಎಲ್ಲಿ ಅಂದರೆ, ಮೂತ್ರ ತೆಳುವಾಗಿದೆಯೋ ಗಟ್ಟಿಯಾಗಿದೆಯೋ ಅನ್ನೋದನ್ನು ಸರಿಹೊಂದಿಸಲು ಟೈಟಿನ್ ಅನ್ನು ಕ್ರಿಯಾಟಿನಿನ್‌ನಿಂದ ಭಾಗಿಸುತ್ತಾರೆ. ಕ್ರಿಯಾಟಿನಿನ್ ಬರೋದೇ ಸ್ನಾಯುವಿನಿಂದ! ಸ್ನಾಯು ಕಡಿಮೆ ಇರುವವರಲ್ಲಿ ಕೆಳಗಿನ ಸಂಖ್ಯೆ ಚಿಕ್ಕದು, ಹಾಗಾಗಿ ಅನುಪಾತ ದೊಡ್ಡದಾಗಿ ಕಾಣುತ್ತದೆ. ಡ್ಯಾಮೇಜ್ ಒಂದೇ ಇದ್ದರೂ ಹುಡುಗಿಯರಲ್ಲಿ ಜಾಸ್ತಿ ಅಂತ ಬರೆದುಬಿಡುತ್ತೀರಿ. ಒಬ್ಬರ ಮೊದಲಿನ ಸಂಖ್ಯೆಯನ್ನು ಅವರದೇ ನಂತರದ ಸಂಖ್ಯೆಯ ಜೊತೆ ಹೋಲಿಸಿ. ಗುಂಪುಗಳನ್ನು ಹೋಲಿಸಲೇಬೇಕು ಅಂದರೆ ಸ್ನಾಯುವಿನ ತೂಕವನ್ನು ಬೇರೆ ರೀತಿಯಲ್ಲಿ ಅಳೆದಿರಬೇಕು.

3-ಮೀಥೈಲ್‌ಹಿಸ್ಟಿಡಿನ್ ಕೂಡ ನೋಡೋಣ ಅಂತಿದ್ದರೆ, ಅದು ಸ್ನಾಯುವಿನ ಪ್ರೋಟೀನ್‌ಗಳಾದ ಆಕ್ಟಿನ್, ಮಯೋಸಿನ್ ಒಡೆದಾಗ ಹೊರಬರುತ್ತದೆ, ದೇಹ ಮತ್ತೆ ಬಳಸುವುದಿಲ್ಲ, ಅಲ್ಲಿಗೆ ಸರಿ. ಆದರೆ ಮಾಂಸ ತಿಂದರೂ ಬರುತ್ತದೆ. ಮೂರು ದಿನ ಮಾಂಸ ಬಿಡಿಸಿ ಆಮೇಲೆ ಸ್ಯಾಂಪಲ್ ತೆಗೆಯಬೇಕು.

ಪ್ರಶ್ನೆ: ನಾನು ದಿನಾ 5 ಗ್ರಾಂ ಕ್ರಿಯಾಟಿನ್ ಪೌಡರ್ ತೆಗೆದುಕೊಳ್ಳುತ್ತೇನೆ. ಇದರಿಂದ ರಿಪೋರ್ಟ್ ಬದಲಾಗುತ್ತಾ ಮೇಡಂ?

ಉತ್ತರ: ಹೌದು, ರಕ್ತದಲ್ಲೂ ಮೂತ್ರದಲ್ಲೂ ಕ್ರಿಯಾಟಿನಿನ್ ಸ್ವಲ್ಪ ಏರಬಹುದು, ಅಷ್ಟಕ್ಕೇ ಕಿಡ್ನಿ ಕೆಟ್ಟಿದೆ ಅಂತಲ್ಲ. ಟೆಸ್ಟ್ ಬರೆದುಕೊಡುವ ಡಾಕ್ಟರಿಗೆ ಮೊದಲೇ ಹೇಳಿ, ಮುಚ್ಚಿಡಬೇಡಿ. ಅನುಮಾನ ಇದ್ದರೆ ಅವರು ಸಿಸ್ಟಾಟಿನ್ ಸಿ ಅನ್ನೋ ಕಿಡ್ನಿಯ ರಕ್ತಪರೀಕ್ಷೆ ಮಾಡಿಸುತ್ತಾರೆ, ಅದು ಮಸಲ್ ಮೇಲೆ ಅಷ್ಟಾಗಿ ಅವಲಂಬಿಸಿಲ್ಲ.

ಪ್ರಶ್ನೆ: ಮೇಡಂ, ನನ್ನ ತಮ್ಮ ಮೊನ್ನೆ ಮೊದಲ ಸಲ ಜಿಮ್‌ಗೆ ಹೋಗಿ, ಸ್ನೇಹಿತರ ಪಂದ್ಯಕ್ಕೆ ಲೆಕ್ಕವಿಲ್ಲದಷ್ಟು ಸ್ಕ್ವಾಟ್ ಹೊಡೆದಿದ್ದಾನೆ. ಇವತ್ತು ತೊಡೆ ಊದಿಕೊಂಡಿದೆ, ಬೆಳಗ್ಗೆ ಮೂತ್ರ ಕೋಲಾ ಬಣ್ಣದಲ್ಲಿ ಬಂತು. ಟ್ರೇನರ್ "ಚೆನ್ನಾಗಿ ನೀರು ಕುಡಿ, ಸರಿಹೋಗುತ್ತೆ" ಅನ್ನುತ್ತಿದ್ದಾರೆ.

ಉತ್ತರ: ಟ್ರೇನರ್ ಮಾತು ಬಿಡಿ, ಈಗಲೇ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ಇದು ರ‍್ಯಾಬ್ಡೊಮಯೋಲಿಸಿಸ್ ಇರಬಹುದು, ಅಂದರೆ ಸ್ನಾಯು ಒಡೆದು ಅದರೊಳಗಿನದೆಲ್ಲ ರಕ್ತಕ್ಕೆ ಸುರಿಯುತ್ತಿದೆ. ಬಣ್ಣ ಬಂದಿರೋದು ಸ್ನಾಯುವಿನೊಳಗಿನ ಪ್ರೋಟೀನ್ ಆದ ಮಯೋಗ್ಲೋಬಿನ್‌ನಿಂದ, ಅದು ಕಿಡ್ನಿಗೆ ಏಟು ಕೊಡುತ್ತದೆ. ಜೊತೆಗೆ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು.

ಅಲ್ಲಿ ಮೂತ್ರಕ್ಕೆ ಡಿಪ್‌ಸ್ಟಿಕ್ ಅದ್ದಿದರೆ "ರಕ್ತ ಇದೆ" ಅಂತ ತೋರಿಸಬಹುದು, ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಕೆಂಪು ರಕ್ತಕಣವೇ ಇರಲ್ಲ. ಆ ಪಟ್ಟಿಗೆ ಹಿಮೋಗ್ಲೋಬಿನ್, ಮಯೋಗ್ಲೋಬಿನ್ ಎರಡೂ ಒಂದೇ. ರಕ್ತದಲ್ಲಿ ಸಿಕೆ, ಪೊಟ್ಯಾಸಿಯಂ, ಕ್ರಿಯಾಟಿನಿನ್ ನೋಡುತ್ತಾರೆ. ಸಿಕೆ ಮಾಮೂಲಿ ಗರಿಷ್ಠ ಮಿತಿಯ ಐದು ಪಟ್ಟಿಗಿಂತ ಜಾಸ್ತಿ ಇದ್ದರೆ ರ‍್ಯಾಬ್ಡೊ ಅಂತ ಹೇಳುವುದು ವಾಡಿಕೆ, ಇಂಥ ಕೇಸ್‌ಗಳಲ್ಲಿ ಅದು ಹತ್ತಾರು ಸಾವಿರಕ್ಕೂ ಹೋಗುತ್ತದೆ.

ಇನ್ನೊಂದು ಮಾತು. ದಾರಿಯಲ್ಲಿ ಅವನಿಗೆ ಮತ್ತೆ ಮೂತ್ರ ಬಂದು ಬಣ್ಣ ತಿಳಿಯಾಗಿದ್ದರೂ ವಾಪಸ್ ಬರಬೇಡಿ. ಮಯೋಗ್ಲೋಬಿನ್ ಬೇಗ ಹೊರಗೆ ಹೋಗಿಬಿಡುತ್ತದೆ, ಸಿಕೆ ಇನ್ನೂ ಮೇಲೇ ಇರುತ್ತದೆ. ನೋವಿಗೆ ಅಂತ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಲೇಬೇಡಿ, ಕಿಡ್ನಿಗೆ ಇನ್ನಷ್ಟು ತೊಂದರೆ. ಹೋದ ಕೂಡಲೇ "ಜಾಸ್ತಿ ಸ್ಕ್ವಾಟ್ ಮಾಡಿದ್ದಾನೆ, ಮೂತ್ರ ಕಪ್ಪಗೆ ಬಂದಿದೆ" ಅಂತ ಎರಡನ್ನೂ ಒಟ್ಟಿಗೆ ಹೇಳಿ, ಸಿಕೆ ಟೆಸ್ಟ್ ಬೇಕಾ ಅಂತ ನೀವೇ ಕೇಳಿ.

ಪ್ರಶ್ನೆ ಕೇಳಿದವರು: ಹೊರಟೆವು ಮೇಡಂ. ಅವನು ಆಗಲೇ ಒಂದು ಪೇನ್‌ಕಿಲ್ಲರ್ ನುಂಗಿದ್ದಾನೆ.

ಉತ್ತರ: ಮಾತ್ರೆಯ ಶೀಟ್ ಜೊತೆಗೇ ತೆಗೆದುಕೊಂಡು ಹೋಗಿ, ಎಷ್ಟು ಹೊತ್ತಿಗೆ ನುಂಗಿದ ಅಂತಲೂ ಡಾಕ್ಟರಿಗೆ ಹೇಳಿ.