ಕಾರವಾರಕ್ಕೆ ಹೋಗೋದಾದ್ರೆ ದ್ವೀಪ ಮೊದಲು, ಊಟ ಆಮೇಲೆ

ಅತ್ತಿಗೆ, ಗ್ರೂಪಲ್ಲಿ ನೀವು ಹಾಕಿದ್ದು ಈಗ ನೋಡಿದೆ. ಡಿಸೆಂಬರ್ ರಜೆಗೆ ಗೋವಾ, ಹೋಗ್ತಾ ದಾರೀಲಿ ಕಾರವಾರದಲ್ಲಿ ಮಧ್ಯಾಹ್ನದ ಊಟ, ಟೈಮಿದ್ರೆ ಅಲ್ಲೇ ಒಂದು ದ್ವೀಪ ಅಂತ ಪ್ಲಾನು ಹಾಕಿದ್ದೀರಿ. ದಯವಿಟ್ಟು ಹಾಗೆ ಮಾಡ್ಬೇಡಿ. ಊಟ ಮುಗಿಸಿ ಹತ್ತೋ ದೋಣಿ ಇದ್ಯಲ್ಲ, ಅದೇ ಆ ಊರಲ್ಲಿ ಹತ್ತಬಾರದ ದೋಣಿ. ಯಾಕೆ ಅಂತ ಹೇಳ್ತೀನಿ. ಸ್ವಲ್ಪ ಉದ್ದ ಆಗತ್ತೆ, ಅಣ್ಣನಿಗೂ ಕೇಳ್ಸಿ.

ಊರಿನ ಉತ್ತರಕ್ಕೆ ಕಾಳಿ ನದಿ ಸಮುದ್ರ ಸೇರತ್ತೆ. ಆ ಅಳಿವೆ ದಾಟಿದ ಮೇಲೇ ಕೂರ್ಮಗಡ, ದೇವಗಡ ದ್ವೀಪಗಳೆಲ್ಲ. ಡಿಸೆಂಬರಲ್ಲಿ ಬೆಳಿಗ್ಗೆ ಹೊತ್ತು ಗಾಳಿ ನೆಲದ ಕಡೆಯಿಂದ ಬೀಸೋದು, ನೀರು ತಟ್ಟೆ ಇಟ್ಟ ಹಾಗಿರತ್ತೆ. ಬಿಸಿಲೇರಿ ನೆಲ ಕಾದ ಹಾಗೆ ಪಡುಗಾಳಿ ಎದ್ದು, ಮಧ್ಯಾಹ್ನದ ಮೇಲೆ ಜೋರಾಗತ್ತೆ. ಅದೇ ಹೊತ್ತಿಗೆ ಇಳಿತ ಇದ್ರೆ ನದಿ ನೀರು ಹೊರಗೆ ನುಗ್ತಿರತ್ತೆ, ಗಾಳಿ ಅಲೆಗಳನ್ನ ಒಳಗೆ ತಳ್ತಿರತ್ತೆ. ಎರಡೂ ಎದುರುಬದುರಾಗಿ ಅಳಿವೆ ಬಾಯಲ್ಲಿ ಅಲೆ ಒತ್ತೊತ್ತಾಗಿ, ಗಿಡ್ಡಕ್ಕೆ, ಕಡಿದಾಗಿ ಏಳತ್ತೆ. ದಡದಿಂದ ನೋಡಿದ್ರೆ ಬರೀ ಬಿಳಿ ನೊರೆಯ ಗೆರೆ, ಏನೂ ಅನ್ಸಲ್ಲ. ಸಣ್ಣ ದೋಣಿಗೆ ಅದೇ ಗಂಡಾಂತರ. ಮರಳಿನ ದಿಬ್ಬ ಬೇರೆ ಇದೆ, ನೀರು ಇಳಿದಾಗ ತಳ ತಾಗತ್ತೆ.

ಹಾಗಾಗಿ ಬೆಳಿಗ್ಗೆ 7, 8 ಗಂಟೆಗೆ ಹೊರಟು 11ರೊಳಗೆ ವಾಪಸ್ ಬರೋ ಹಾಗೆ ಮಾತಾಡ್ಕೊಳ್ಳಿ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತಿರತ್ತೆ, ಹಿಂದಿನ ಸಂಜೆನೇ ದೋಣಿ ನಡೆಸೋ ತಾಂಡೇಲನ ಹತ್ರ "ನಾಳೆ ಭರತಿ ಎಷ್ಟೊತ್ತಿಗೆ" ಅಂತ ಕೇಳಿ, ಭರತಿ ಅಂದ್ರೆ ಉಬ್ಬರ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದಿನ ನೀರಿನ ಏರಿಳಿತ ಜಾಸ್ತಿ, ಅಷ್ಟಮಿ ಹತ್ರ ಕಮ್ಮಿ. ಮಕ್ಕಳು ಜೊತೇಲಿರೋದ್ರಿಂದ ಅಷ್ಟಮಿ ಕಡೆಯ ದಿನ ಸಿಕ್ಕಿದ್ರೆ ಒಳ್ಳೇದು. ದ್ವೀಪಕ್ಕೆ ಮೊದಲನೇ ಬೆಳಿಗ್ಗೆ ಇಡಿ, ಕೊನೇ ದಿನಕ್ಕೆ ಬೇಡ. ಗಾಳಿ ಕೆಟ್ಟು ದೋಣಿ ಬಿಡದಿದ್ರೆ ಮಾರನೇ ಬೆಳಿಗ್ಗೆ ಕೈಯಲ್ಲಿರತ್ತೆ. ಟ್ರೈನಿನ ದಿನ ಇಟ್ಕೊಂಡ್ರೆ ಹೇಗಾದ್ರೂ ಹೋಗಿಬಿಡೋಣ ಅನ್ಸತ್ತೆ, ತೊಂದರೆ ಅಲ್ಲಿಂದ್ಲೇ ಶುರು.

ಕೂರ್ಮಗಡ ಅಂದ್ರೆ ಹೆಸರೇ ಹೇಳೋ ಹಾಗೆ ಆಮೆ ಬೆನ್ನಿನ ಆಕಾರ. ಮೇಲೆ ನರಸಿಂಹ ದೇವಸ್ಥಾನ. ಪುಷ್ಯ ಹುಣ್ಣಿಮೆಗೆ ಜಾತ್ರೆ, ಮೀನುಗಾರರು ದೋಣಿಗಳನ್ನ ಸಿಂಗಾರ ಮಾಡ್ಕೊಂಡು ಹೋಗ್ತಾರೆ. ಚೆಂದ ಇರತ್ತೆ, ಆದ್ರೆ ಜಾತ್ರೆ ದಿನ ಮಕ್ಕಳನ್ನ ಕರ್ಕೊಂಡು ಹೋಗ್ಬೇಡಿ. 2019ರ ಜನವರಿ 21ಕ್ಕೆ ಅದೇ ಜಾತ್ರೆ ಮುಗಿಸಿ ವಾಪಸ್ ಬರ್ತಿದ್ದ ದೋಣಿ ಮುಳುಗಿ 16 ಜನ ಹೋದ್ರು, ಮಕ್ಕಳೂ ಇದ್ರು. ದೋಣಿಗೆ ಹಿಡಿಯೋದಕ್ಕಿಂತ ಹೆಚ್ಚು ಜನ, ಮೈಮೇಲೆ ಲೈಫ್ ಜಾಕೆಟ್ ಇಲ್ಲ. ಅದನ್ನ ಮರೀಬಾರದು.

ಜಾಕೆಟ್ ಕೊಟ್ರು ಅಂತ ಸುಮ್ನೆ ಹೆಗಲಿಗೆ ಹಾಕ್ಕೊಂಡ್ರೆ ಆಗಲ್ಲ. ಒಳಗಿನ ಸ್ಪಂಜು ಒತ್ತಿ ನೋಡಿ, ಪುಡಿಪುಡಿ ಆಗಿದ್ರೆ ಬೇರೆ ಕೇಳಿ. ಬಕಲ್ ಎಲ್ಲಾನೂ ಹಾಕಿ ಪಟ್ಟಿ ಎಳೀರಿ. ಮಕ್ಕಳಿಗೆ ಹಾಕಿದ ಮೇಲೆ ಜಾಕೆಟ್ಟನ್ನ ಎರಡೂ ಭುಜದ ಹತ್ರ ಹಿಡಿದು ಮೇಲಕ್ಕೆತ್ತಿ. ಅದು ಗಲ್ಲ ದಾಟಿ ಕಿವಿವರೆಗೆ ಬಂತು ಅಂದ್ರೆ ದೊಡ್ಡದಾಯ್ತು, ನೀರಲ್ಲಿ ಮಗು ಕೆಳಗೆ ಜಾರಿ ಜಾಕೆಟ್ ಮಾತ್ರ ಮೇಲೆ ಉಳಿಯತ್ತೆ. ಮಕ್ಕಳ ಅಳತೇದು ಇಲ್ಲ ಅಂದ್ರೆ ಆ ದೋಣಿ ಬೇಡ. ದುಡ್ಡು ಕೊಟ್ಟಾಗಿದೆ ಅಂತ ಸಂಕೋಚ ಬೇಡ.

ಕೋಡಿಬಾಗದ ಕಡೆಯಿಂದ ಹೋದ್ರೆ ಅರ್ಧ ಮುಕ್ಕಾಲು ಗಂಟೆ. ದಾರೀಲಿ ಡಾಲ್ಫಿನ್ ಕಾಣೋದು ಅಳಿವೆ ಹೊರಗೇನೇ, ಬೆನ್ನ ಮೇಲೆ ಗೂನಿರೋ ಜಾತಿ. ಹಾರೋದು ಅಪರೂಪ, ಬೆನ್ನು ಮೆಲ್ಲಗೆ ಮೇಲೆ ಬಂದು ಮುಳುಗತ್ತೆ. ಇಂಜಿನ್ ಆಫ್ ಮಾಡಿಸಿ ಕೂತ್ರೆ ಹತ್ರ ಬರ್ತವೆ, ಅಟ್ಟಿಸ್ಕೊಂಡು ಹೋದ್ರೆ ಆಳಕ್ಕೆ ಇಳೀತವೆ. ದ್ವೀಪದಲ್ಲಿ ಇಳಿಯುವಾಗ ಪಾದ ನೆನೆಯತ್ತೆ, ಕಲ್ಲು ಪಾಚಿಗೆ ಜಾರತ್ತೆ. ಹಿಂದೆ ಪಟ್ಟಿ ಇರೋ ಚಪ್ಪಲಿ ಹಾಕ್ಕೊಳ್ಳಿ, ಕುಡಿಯೋ ನೀರು ಊರಿಂದ್ಲೇ ಒಯ್ಯಿರಿ. ದೊಡ್ಡಮ್ಮನ ಮೊಣಕಾಲಿಗೆ ಇದು ಆಗಿಬರಲ್ಲ. ಅವ್ರನ್ನ ದೇವಬಾಗಕ್ಕೆ ಕರ್ಕೊಂಡು ಹೋಗಿ: ನದಿಯ ಆ ದಡ, ಗಾಳಿಮರದ ತೋಪು, ಮೆತ್ತನೆ ಮರಳು, ನೆರಳಲ್ಲಿ ಎಷ್ಟೊತ್ತು ಬೇಕಾದ್ರೂ ಕೂತಿರ್ಬಹುದು. ಮಕ್ಕಳು ಮಾತ್ರ ದೇವಬಾಗದ ತುದಿಯಲ್ಲಿ, ನದಿ ಸೇರೋ ಕಡೆ ನೀರಿಗಿಳಿಯೋದು ಬೇಡ. ಇಳಿತದಲ್ಲಿ ಸೆಳೆತ ಹೊರಕ್ಕೆ ಎಳೀತದೆ.

ದೇವಗಡದಲ್ಲಿರೋದು 1864ರ ದೀಪಸ್ತಂಭ, ದೋಣಿಯಿಂದ ನೋಡಿದ್ರೆ ಸಾಕು. ಅಂಜುದೀವ್ ಅಂತ ಅಣ್ಣ ಕೇಳಿದ್ದಾನೆ, 1498ರಲ್ಲಿ ವಾಸ್ಕೋ ಡ ಗಾಮ ತಂಗಿದ ದ್ವೀಪ ಅದು. ಪೋರ್ಚುಗೀಸರ ಕೈಯಿಂದ ನಮಗೆ ಬಂದಿದ್ದು 1961ರ ಡಿಸೆಂಬರಲ್ಲಿ. ಈಗ ಪೂರ್ತಿ ನೌಕಾನೆಲೆಯೊಳಗಿದೆ, ಪ್ರವಾಸಿಗಳಿಗೆ ಇಲ್ಲ. ಆ ಕಡೆ ಡ್ರೋನ್ ಹಾರಿಸೋದು, ಅರ್ಗಾ ಹತ್ರ ನೌಕಾನೆಲೆ ಫೋಟೋ ತೆಗೆಯೋದು, ಎರಡೂ ಬೇಡ ಅಂತ ಅವ್ನಿಗೆ ಹೇಳಿ. ನೇತ್ರಾಣಿ ದ್ವೀಪ ಇಲ್ಲಿಲ್ಲ, ಅದಕ್ಕೆ ಮುರುಡೇಶ್ವರಕ್ಕೆ ಹೋಗ್ಬೇಕು, ನೂರು ಕಿಲೋಮೀಟರಿಗೂ ಜಾಸ್ತಿ.

ಊರು ನೋಡೋಕೆ ಸಂಜೆ ಸಾಕು. ಟ್ಯಾಗೋರ್ ಬೀಚ್ ಅನ್ನೋ ಹೆಸರು ಸುಮ್ನೆ ಇಟ್ಟಿದ್ದಲ್ಲ. ರವೀಂದ್ರರ ಅಣ್ಣ ಸತ್ಯೇಂದ್ರನಾಥ ಟ್ಯಾಗೋರ್ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಪ್ರಾಯದ ರವೀಂದ್ರರು ಬಂದಿದ್ರು. ಕಾಳಿ ನದೀಲಿ ದೋಣಿಯಲ್ಲಿ ಮೇಲಕ್ಕೆ ಹೋಗಿ, ಬೆಳದಿಂಗಳಲ್ಲಿ ವಾಪಸ್ ಬಂದಿದ್ದನ್ನ ಬರೆದಿದ್ದಾರೆ. ಈಗಲೂ ಸಂಜೆ ನದಿ ಕಡೆ ನಿಂತ್ರೆ ಅದೇ ನೋಟ, ಸದಾಶಿವಗಡದ ಗುಡ್ಡ ಕಪ್ಪಾಗಿ ಎದುರಿಗಿರತ್ತೆ. ಬೀಚಿನ ಪಕ್ಕ ಮ್ಯೂಸಿಯಂ ಮಾಡಿ ಇಟ್ಟಿರೋ ಯುದ್ಧನೌಕೆ ಚಪಲ್ ಮಕ್ಕಳಿಗೆ ಖಂಡಿತ ತೋರಿಸಿ. ಒಳಗೆ ಕಬ್ಬಿಣದ ಕಡಿದಾದ ಏಣಿ, ತಗ್ಗು ಬಾಗಿಲು, ತಲೆ ತಗ್ಗಿಸ್ಬೇಕು. ದೊಡ್ಡಮ್ಮ ಹೊರಗೇ ಇರ್ಲಿ.

ಮಾಜಾಳಿ ಕಡೆ ತಿಳ್ಮಾತಿ ಅಂತ ಸಣ್ಣ ತೀರ ಇದೆ. ಗುಡ್ಡ ದಾಟಿ ನಡೀಬೇಕು, ಅಂಗಡಿ ಇಲ್ಲ, ನೆರಳೂ ಕಮ್ಮಿ. ಅಲ್ಲಿನ ಮರಳು ಒಂದು ಹಿಡಿ ಎತ್ತಿ ನೋಡಿ: ಪುಡಿ ಅಲ್ಲ ಅದು, ಕರಿ ಎಳ್ಳಿನ ಹಾಗೆ ಬಿಡಿಬಿಡಿ ಕಾಳು, ಬೆರಳ ಸಂದಿಂದ ಉದುರತ್ತೆ, ಅಂಟಲ್ಲ. ಬಿಸಿಲಿಗೆ ಬಲು ಬೇಗ ಕಾಯತ್ತೆ, ಬರಿಗಾಲಲ್ಲಿ ಬಿಡ್ಬೇಡಿ.

ಊಟಕ್ಕೆ ಹೆಸರು ದೊಡ್ಡದಿರೋ ಕಡೆ ಹುಡುಕ್ಬೇಡಿ, ಸಣ್ಣ ಖಾನಾವಳಿಗೆ 12:30ಕ್ಕೇ ಹೋಗಿ. ತಡ ಆದ್ರೆ ತಾಜಾ ಮೀನು ಮುಗಿದು ಫ್ರೈ ಮಾತ್ರ ಉಳಿದಿರತ್ತೆ. ಇಸ್ವಣ ಮೀನು ಎಲ್ಲರೂ ಕೇಳ್ತಾರೆ, ನೀವು ತಿರ್ಫಳ ಅನ್ನೋ ಮಸಾಲೆ ಕಾಯಿ ಹಾಕಿದ ಬಂಗಡೆ ಸಾರು ಕೇಳಿ. ತಿರ್ಫಳದ ಸಿಪ್ಪೆಯಷ್ಟೇ ಬೇಕು, ಒಳಗಿನ ಕರಿ ಬೀಜ ಉಳಿದ್ರೆ ಸಾರು ಕಹಿ. ಬಟ್ಟಲಲ್ಲಿ ಸಿಕ್ಕಿದ್ರೆ ಅಗೀಬೇಡಿ, ಪಕ್ಕಕ್ಕಿಡಿ, ನಾಲಿಗೆ ಜುಂ ಅನ್ನತ್ತೆ. ಅಳಿವೆಯ ತಿಸ್ರೆ (ಚಿಪ್ಪುಮೀನು) ಸುಕ್ಕ ಇದ್ರೆ ಅದನ್ನೂ ತಗೊಳ್ಳಿ, ಕೊನೆಗೆ ಮುರುಗಲಿನ ಸೋಲ್ ಕಡಿ.

ಹೋಗೋದು ಬೆಂಗಳೂರಿಂದ ಸಂಜೆ ಹೊರಡೋ ಪಂಚಗಂಗಾ ರೈಲಲ್ಲಿ, ಬೆಳಿಗ್ಗೆ ಕಾರವಾರ. ಹೊನ್ನಾವರದ ಹತ್ರ ಎದ್ದಿರಿ, ಶರಾವತಿ ಸೇತುವೆ ಎರಡು ಕಿಲೋಮೀಟರಿಗೂ ಉದ್ದ, ಎಡಗಡೆ ಕಿಟಕಿಗೆ ಸಮುದ್ರದ ಕಡೆಯ ಅಳಿವೆ ಕಾಣತ್ತೆ. ಸ್ಟೇಷನ್ ಇರೋದು ಊರಲ್ಲಲ್ಲ, ಶಿರವಾಡದಲ್ಲಿ. ಆಟೋ ಹತ್ತೋ ಮುಂಚೆನೇ ರೇಟು ಮಾತಾಡಿ. ಕಾಳಿಯ ಹಳೇ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದಿದ್ದು ನೆನಪಿರ್ಬಹುದು, ಆಮೇಲೆ ಎರಡೂ ಕಡೆಯ ವಾಹನ ಇನ್ನೊಂದು ಸೇತುವೆ ಮೇಲೇ ಓಡಾಡತ್ತೆ. ದೇವಬಾಗ, ಮಾಜಾಳಿಗೆ ಹೋಗುವಾಗ ಅರ್ಧ ಗಂಟೆ ಜಾಸ್ತಿ ಇಟ್ಕೊಳ್ಳಿ. ಗೋವಾಕ್ಕೆ ಹೋಗಿ ಬರುವಾಗ ಮದ್ಯದ ಬಾಟಲಿ ತರೋದು ಬೇಡ, ಮಾಜಾಳಿ ಚೆಕ್‌ಪೋಸ್ಟಲ್ಲಿ ಗಾಡಿ ತಡೆದು ನೋಡ್ತಾರೆ.

ಎರಡು ರಾತ್ರಿ ಕಾರವಾರ, ಆಮೇಲೆ ಗೋವಾ, ಹಾಗೆ ಮಾಡ್ಕೊಳ್ಳಿ. ಟಿಕೆಟ್ ಮಾಡೋ ಮುಂಚೆ ತಾರೀಖು ಇಲ್ಲಿ ಹಾಕಿ ಅತ್ತಿಗೆ, ಆ ದಿನದ ತಿಥಿ, ಉಬ್ಬರದ ಹೊತ್ತು ನೋಡಿ ಹೇಳ್ತೀನಿ.