ತುಕ್ಕಿನ ಮೇಲೆ ಹೊಸ ತಗಡು ಹೊಡೀಬೇಡ ಕಣೋ

ಸುರೇಶ, ತುಕ್ಕು ಹಿಡಿದ ನಿನ್ನ ಟೊಮೇಟೊ ಸಾಗಿಸೋ ಗಾಡೀದು ರಾತ್ರಿ ನೀನು ಹಾಕಿದ ಆರು ಫೋಟೋನೂ ನೋಡ್ದೆ. ಟೈಪ್ ಮಾಡಕ್ಕೆ ಕೂತ್ರೆ ಮುಗಿಯಲ್ಲ, ಡೇರಿಗೆ ಹಾಲು ಹಾಕಿ ಬಂದು ಮಾತಲ್ಲೇ ಹೇಳ್ತೀನಿ ಅಂತ ಬಿಟ್ಟೆ. ಗ್ರೂಪಲ್ಲೇ ಕಳಿಸ್ತಾ ಇದೀನಿ, ನಮ್ಮೋರಲ್ಲಿ ಗಾಡಿ ಇಟ್ಟಿರೋರು ಇನ್ನೂ ಮೂರು ಜನ ಅವ್ರೆ, ಅವ್ರೂ ಕೇಳಿಸ್ಕೊಳ್ಳಿ. ಉದ್ದ ಆಗ್ತದೆ, ಮಧ್ಯದಲ್ಲಿ ಬಿಟ್ಟುಬಿಡಬೇಡ, ಪೂರ್ತಿ ಕೇಳು.

ನೀನು ಹೇಳಿದ್ದು ಇಷ್ಟು. ಹಿಂದಿನ ಬಾಡಿ ತಳದಲ್ಲಿ ಎಡಗಡೆ ಚಕ್ರದ ಹತ್ರ ಅಂಗೈ ಅಗಲ ತೂತು. ಎರಡೂ ಬಾಗಿಲ ಕೆಳಗಿನ ಅಂಚು ಉಬ್ಬಿಕೊಂಡೈತೆ. ಡ್ರೈವರ್ ಕಾಲಡಿ ಮ್ಯಾಟ್ ಎತ್ತಿದ್ರೆ ರಸ್ತೆ ಕಾಣ್ತದೆ. ಟಿಂಕರ್, ಅಂದ್ರೆ ಗಾಡಿ ತಗಡು ಕೆಲಸದ ಹುಡುಗ, ಬಂದು ನೋಡಿ, ತಳದ ಮೇಲೆ ಹೊಸ ಚೆಕರ್ ಪ್ಲೇಟ್, ಆ ಉಬ್ಬುಗೆರೆ ತಗಡು, ಹಾಸಿ ರಿವೆಟ್ ಹೊಡೀತೀನಿ, ಬಾಗಿಲಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೀತೀನಿ, ಒಂದು ದಿನದ ಕೆಲಸ ಅಂದವ್ನೆ. ಏನಂತೀರ ಮಾವ ಅಂತ ಕೇಳಿದೀಯ. ಬೇಡ ಅಂತೀನಿ. ದುಡ್ಡು ಜಾಸ್ತಿ ಅಂತಲ್ಲ. ಆ ಪ್ಲೇಟ್ ಅಡೀಲಿ ಹಳೇ ತುಕ್ಕು ಹಾಗೇ ಉಳ್ಕೊಳ್ತದೆ, ಎರಡು ತಗಡಿನ ಮಧ್ಯ ನೀರು ಸೇರ್ಕೊಂಡ್ರೆ ಆರೋಕೆ ಗಾಳಿಯೂ ಇಲ್ಲ, ಬಿಸಿಲೂ ಇಲ್ಲ.

ನಾನು ಬಾಡಿ ಶೆಡ್ ಸೇರಿದ ಹೊಸದ್ರಲ್ಲಿ ಒಂದು ಹಾಲಿನ ಗಾಡಿಗೆ ಹೀಗೇ ಮಾಡಿದ್ದೆ. ಒಂದೂವರೆ ವರ್ಷ ಚೆನ್ನಾಗೇ ಓಡ್ತು. ಆಮೇಲೊಂದಿನ ಕ್ಯಾನ್ ತುಂಬಿಕೊಂಡು ಹಂಪ್ ಹತ್ತಿ ಇಳಿಯೋವಾಗ ತಳ ಒಂದು ಕಡೆ ಕುಸಿದು ಕೂತ್ಕೊಳ್ತು. ತಂದು ನಿಲ್ಲಿಸಿದಾಗ ಮೇಲಿನ ಪ್ಲೇಟ್ ಇನ್ನೂ ಹೊಳೀತಾ ಇತ್ತು. ಅಡಿಯಿಂದ ತೂರಿ ನೋಡಿದ್ರೆ ತಳ ಹೊರೋ ಅಡ್ಡಪಟ್ಟಿ ಕೈಯಲ್ಲಿ ಹಿಸುಕಿದ್ರೆ ಪುಡಿ ಆಗೋ ಹಂಗಿತ್ತು. ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಆ ಯಜಮಾನ್ರ ಮುಖ ಇವತ್ತಿಗೂ ಕಣ್ಮುಂದೆ ಐತೆ. ನಮ್ಮ ಮೇಸ್ತ್ರಿ ಕೆಜಿಎಫ್ ಗಣಿ ವರ್ಕ್‌ಶಾಪಲ್ಲಿ ಇದ್ದೋರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಶೆಡ್ ಹಾಕಿದೋರು. ಆವತ್ತು ಅವ್ರು ಬೈಲಿಲ್ಲ. ಆ ತಳ ಪೂರ್ತಿ ನನ್ನ ಕೈಯಿಂದಲೇ ಕತ್ತರಿಸಿ ತೆಗೆಸಿದ್ರು, ಎರಡು ದಿನ ಹಿಡೀತು.

ಈಗ ನಿನ್ನ ಗಾಡಿ. ಎಡಗಡೆಯೇ ಯಾಕೆ ತೂತಾಯ್ತು ಯೋಚನೆ ಮಾಡಿದೀಯ? ನಿಮ್ಮ ಮನೆ ಮುಂದೆ ಗಾಡಿ ನಿಲ್ಲಿಸೋ ಜಾಗ ಎಡಕ್ಕೆ ವಾಲೈತೆ. ಟೊಮೇಟೊ ಬಾಕ್ಸಿಂದ ಸೋರಿದ ರಸ, ತೊಳೆದ ನೀರು, ಮಳೆ ನೀರು ಎಲ್ಲಾ ಆ ಮೂಲೆಗೇ ಹರಿದು ನಿಲ್ತದೆ. ಟೊಮೇಟೊ ರಸ ಹುಳಿ, ಕಬ್ಬಿಣಕ್ಕೆ ಆಗಿಬರಲ್ಲ. ಅದರ ಮೇಲೆ ಭಾವ ಇದ್ದಾಗ ಇದೇ ಗಾಡೀಲಿ ಗೊಬ್ಬರ ಹೊಡೀತಿದ್ರು. ಪೊಟ್ಯಾಷ್ ಅಂದ್ರೆ ಉಪ್ಪಿನ ಜಾತೀದೇ, ಚೀಲದಿಂದ ಚೆಲ್ಲಿದ ಕಾಳು ಸಂದೀಲಿ ಕೂತು ಗಾಳಿ ತೇವ ಎಳ್ಕೊಂಡು ಯಾವಾಗಲೂ ಪಸೆ ಪಸೆ ಇರ್ತದೆ. 2023ರ ಜುಲೈಲಿ ಕೋಲಾರ ಮಾರ್ಕೆಟ್ಟಲ್ಲಿ 15 ಕೆಜಿ ಬಾಕ್ಸು 2 ಸಾವಿರ ದಾಟಿದಾಗ ನಿನ್ನ ಗಾಡಿ ಹಗಲೂ ರಾತ್ರಿ ಓಡ್ತು, ನೆನಪೈತಲ್ಲ? ತೊಳೆಯೋಕೆ ಪುರುಸೊತ್ತು ಎಲ್ಲಿತ್ತು. ಆ ಎರಡು ತಿಂಗಳಲ್ಲೇ ಇದು ಜೋರಾಗಿರೋದು ಅಂತ ನನ್ನ ಲೆಕ್ಕ.

ಮೊದಲು ಗಾಡಿ ಪೂರ್ತಿ ತಟ್ಟಿ ನೋಡು. ದೊಡ್ಡ ಸ್ಕ್ರೂಡ್ರೈವರ್ ತಗೋ, ಹಿಂದಿನ ಹಿಡಿಯಿಂದ ತಳದ ಮೇಲೆ ಗೇಣಿಗೊಂದು ಸಲ ತಟ್ಟುತ್ತಾ ಬಾ. ಗಟ್ಟಿ ಇರೋ ಕಡೆ ಠಣ್ ಅಂತದೆ. ಒಳಗೆ ತಿಂದಿರೋ ಕಡೆ ಡಬ್ ಅಂತದೆ, ಒದ್ದೆ ಹಲಗೆ ತಟ್ಟಿದ ಹಾಗೆ. ಡಬ್ ಅಂದ ಕಡೆ ಮೊನೆ ಇಟ್ಟು ಒತ್ತು. ಬಣ್ಣ ನೋಡೋಕೆ ಚೆನ್ನಾಗೇ ಇರ್ತದೆ, ಮೊನೆ ಹಪ್ಪಳ ಮುರಿದ ಹಾಗೆ ಒಳಗೆ ಹೋಗ್ತದೆ. ಕೆರೆದ್ರೆ ಈರುಳ್ಳಿ ಸಿಪ್ಪೆ ತರ ಪದರ ಪದರ ಏಳ್ತದೆ. ತುಕ್ಕು ಹಿಡಿದ ಕಬ್ಬಿಣ ಊದ್ಕೊಳ್ತದೆ ಕಣೋ, ಮೊದಲಿದ್ದಕ್ಕಿಂತ ಜಾಸ್ತಿ ಜಾಗ ಬೇಕು ಅದಕ್ಕೆ, ಅದಕ್ಕೇ ಬಾಗಿಲ ಅಂಚಲ್ಲಿ ಬಣ್ಣ ಗುಳ್ಳೆ ಎದ್ದಿರೋದು. ಗುಳ್ಳೆ ಹೊರಗೆ ಕಂಡ್ತು ಅಂದ್ರೆ ರೋಗ ಒಳಗಿಂದ ಹೊರಗೆ ಬಂದೈತೆ ಅಂತ. ಒತ್ತಿದ ಕಡೆಯೆಲ್ಲಾ ಚಾಕ್‌ಪೀಸಲ್ಲಿ ಗುರುತು ಹಾಕು. ನಿನ್ನ ಅಂಗೈ ಅಗಲದ ತೂತು ಮೊರದಗಲ ಆಗ್ತದೆ, ಎದೆಗುಂದಬೇಡ. ಎಲ್ಲೀವರೆಗೆ ಕೊಳೆತೈತೆ ಅಂತ ಗೊತ್ತಾಗೋದು ಒಳ್ಳೇದೇ.

ಇದನ್ನ ಗಟ್ಟಿಯಾಗಿ ಹೇಳ್ತಿದೀನಿ. ಆ ಸ್ಕ್ರೂಡ್ರೈವರ್ ಚಾಸೀಲಿ, ಅಂದ್ರೆ ಗಾಡಿ ಭಾರ ಹೊರೋ ಅಡಿ ಚೌಕಟ್ಟಲ್ಲಿ, ಎಲ್ಲಾದ್ರೂ ಒಳಗೆ ಇಳಿದ್ರೆ, ಸ್ಪ್ರಿಂಗ್ ಪ್ಲೇಟ್ ಕಟ್ಟು ಕೂರೋ ಜಾಗದಲ್ಲೋ, ಸ್ಟೇರಿಂಗ್ ಬಾಕ್ಸ್ ಹತ್ರಾನೋ, ಅಲ್ಲಿಗೆ ಮನೆ ಕೆಲಸ ನಿಲ್ಲಿಸು. ತಗಡು ನಾವು ಮಾಡಬಹುದು, ಚಾಸಿ ಮನೇಲಿ ಮುಟ್ಟೋ ವಸ್ತು ಅಲ್ಲ. ಚಾಸಿ ನಂಬರ್ ಕೊರೆದಿರೋ ಜಾಗಕ್ಕಂತೂ ಗ್ರೈಂಡರ್ ತಗೊಂಡೇ ಹೋಗಬೇಡ. ನಂಬರ್ ಅಳಿಸಿ ಹೋದ್ರೆ ಎಫ್‌ಸಿಗೆ, ಆ ಫಿಟ್‌ನೆಸ್ ತಪಾಸಣೆಗೆ, ನಿಲ್ಲಿಸಿದಾಗ ಏನು ತೋರಿಸ್ತೀಯ? ಎಂಟು ವರ್ಷ ದಾಟಿದ ಗಾಡಿ, ವರ್ಷ ವರ್ಷ ಎಫ್‌ಸಿ. ಬಣ್ಣವೂ ಈಗಿರೋದೇ ಹೊಡಿ, ಬದಲಾಯಿಸಿದ್ರೆ ಆರ್‌ಸೀಲೂ ಬದಲಾಯಿಸಬೇಕಾಗ್ತದೆ.

ಕತ್ತರಿಸೋದು ಹೇಳ್ತೀನಿ. 4 ಇಂಚಿನ ಗ್ರೈಂಡರ್ ನಿಮ್ಮನೇಲೇ ಐತೆ. 1 ಎಂಎಂ ಕಟಿಂಗ್ ವೀಲ್ ಹಾಕು, ಗಾರ್ಡ್ ಬಿಚ್ಚಬೇಡ, ಕನ್ನಡಕ ಇಲ್ದೆ ಸ್ವಿಚ್ ಒತ್ತಬೇಡ. ಚಾಕ್ ಗುರುತಿಂದ ಎರಡು ಬೆರಳು ಆಚೆ, ಬೆಳ್ಳಗೆ ಹೊಳೆಯೋ ಕಬ್ಬಿಣ ಸಿಗೋವರೆಗೂ ಕತ್ತರಿಸು. ಅಲ್ಲಿ ಕರುಣೆ ತೋರಿಸಿದ್ರೆ ಕೊಳೆತ ಅಂಚಿಗೆ ವೆಲ್ಡಿಂಗ್ ಹಿಡಿಯಲ್ಲ, ರಾಡ್ ತಾಗಿಸಿದ ತಕ್ಷಣ ಉದುರಿ ಹೋಗ್ತದೆ. ಮೂಲೆ ಚೂಪಾಗಿ ಬಿಡಬೇಡ, ರೂಪಾಯಿ ನಾಣ್ಯ ಇಟ್ಟು ದುಂಡಗೆ ತಿರುಗಿಸು. ಚೂಪು ಮೂಲೆಯಿಂದಲೇ ಆಮೇಲೆ ಬಿರುಕು ಹೊರಡೋದು.

ತೇಪೆಯ ಅಳತೆ ತಗೊಳ್ಳೋಕೆ ಹಳೇ ಮದುವೆ ಕಾರ್ಡ್ ಸಾಕು. ದೊಡ್ಡದಾದ್ರೆ ಎರಡು ಮೂರು ಅಂಟಿಸ್ಕೋ. ತೂತಿನ ಮೇಲಿಟ್ಟು ಅಡಿಯಿಂದ ಪೆನ್ಸಿಲ್ ಎಳಿ, ಕತ್ತರಿಸು, ಕೂರಿಸಿ ನೋಡು, ಸರಿ ಬಂದ ಮೇಲೆ ಅದನ್ನ ತಗಡಿನ ಮೇಲಿಟ್ಟು ಗೆರೆ ಹಾಕು. ಹಿಂದಿನ ತಳಕ್ಕೆ 18 ಗೇಜ್, ಬಾಗಿಲಿಗೂ ಕಾಲಡಿಗೂ 20 ಗೇಜ್, ಗೇಜ್ ನಂಬರ್ ಜಾಸ್ತಿ ಆದಷ್ಟೂ ತಗಡು ತೆಳು, ಅಂಗಡೀಲಿ ಸಿಆರ್ ಶೀಟ್ ಅಂತ ಕೇಳು. ಶಾರದಕ್ಕ ಗ್ರೂಪಲ್ಲಿ ಹಾಕಿದ್ರು, ಕೊಟ್ಟಿಗೆ ಮೇಲೆ ಹೊದಿಸಿ ಉಳಿದ ಶೀಟ್ ಐತೆ ತಗೊಂಡು ಹೋಗು ಅಂತ. ಅಕ್ಕಾ, ನಿಮ್ಮ ಮನಸ್ಸು ದೊಡ್ಡದು, ಆದ್ರೆ ಅದಕ್ಕೆ ಸತುವಿನ ಲೇಪ ಇರ್ತದೆ. ವೆಲ್ಡಿಂಗ್ ಬೆಂಕಿ ತಾಗಿದ್ರೆ ಬಿಳೀ ಹೊಗೆ ಬರ್ತದೆ, ಅದನ್ನ ಕುಡಿದ್ರೆ ರಾತ್ರಿ ಚಳಿ ಜ್ವರ ಗ್ಯಾರಂಟಿ. ನಮ್ಮ ಶೆಡ್ಡಲ್ಲಿ ಒಬ್ಬ ಹುಡುಗ ಹೀಗೇ ನಡುಗುತ್ತಾ ಮಲಗಿದ್ದ. ಅದು ಕೋಳಿ ಗೂಡಿಗೆ ಇರ್ಲಿ.

ವೆಲ್ಡಿಂಗ್ ವಿಷಯಕ್ಕೆ ಬರ್ತೀನಿ, ಇಲ್ಲೇ ಎಲ್ರೂ ಕೆಡಿಸ್ಕೊಳ್ಳೋದು. ಗೇಟಿಗೆ ಬಳಸೋ ದಪ್ಪ ರಾಡ್ ತಂದು ಗಾಡಿ ತಗಡಿಗೆ ಹಿಡಿದ್ರೆ ಕ್ಷಣದಲ್ಲಿ ತೂತು, ಆ ತೂತು ಮುಚ್ಚೋಕೆ ಹೋಗಿ ಇನ್ನೊಂದು ತೂತು. ತಳದ 18 ಗೇಜಿಗೆ 2 ಎಂಎಂ ರಾಡ್, ಕರೆಂಟ್ 40ರಿಂದ 50 ಆಂಪಿಯರ್ ಒಳಗೆ. ಬಾಗಿಲಿಗೆ ಆರ್ಕ್, ಅಂದ್ರೆ ಈ ರಾಡ್ ವೆಲ್ಡಿಂಗ್, ಬೇಡ, ಅದನ್ನ ಕಳಚಿ ಸಣ್ಣ ವೈರಲ್ಲಿ ಬೆಸೆಯೋ ಸಿಒಟು ವೆಲ್ಡಿಂಗ್ ಇರೋ ಕಡೆ ತಗೊಂಡು ಹೋಗೋಣ. ಸಾಲಾಗಿ ಎಳೀಬೇಡ. ಮೊದಲು ನಾಲ್ಕು ಮೂಲೆಗೆ ಒಂದೊಂದು ಟಾಕ, ಚುಕ್ಕಿಯಷ್ಟೇ ಬೆಸುಗೆ. ಆಮೇಲೆ ಈ ಕಡೆ ಮಧ್ಯಕ್ಕೊಂದು, ಎದುರು ಕಡೆ ಮಧ್ಯಕ್ಕೊಂದು. ಟಾಕ ಹಾಕಿದ ಮೇಲೆ ಕಾಯಿ. ಪಕ್ಕದಲ್ಲಿ ಅಂಗೈ ಇಟ್ರೆ ತಡ್ಕೊಳ್ಳೋ ಅಷ್ಟು ಆರಬೇಕು, ಆಮೇಲೆ ಮುಂದಿನದು. ಅವಸರ ಮಾಡಿದ್ರೆ ತಗಡು ಕಾದು ಹಪ್ಪಳದ ತರ ಸುರುಳಿ ಏಳ್ತದೆ, ಅದನ್ನ ಸುತ್ತಿಗೇಲಿ ಕೂರಿಸೋಕೆ ಇನ್ನೊಂದು ದಿನ ಬೇಕು. ಒಂದು ತೇಪೆಗೆ ಅರ್ಧ ದಿನ ಹೋಯ್ತಾ, ಹೋಗ್ಲಿ.

ಶುರು ಮಾಡೋಕೆ ಮುಂಚೆ ಬ್ಯಾಟರಿ ನೆಗೆಟಿವ್ ವೈರ್ ಬಿಚ್ಚು, ಇಲ್ಲಾಂದ್ರೆ ಡೈನಮೋ ಸುಟ್ಟು ಹೋಗಬಹುದು. ಅರ್ಥ್ ಕ್ಲಿಪ್ ತೇಪೆ ಪಕ್ಕದಲ್ಲೇ ಕಚ್ಚಿಸು. ಸೀಟು, ಮ್ಯಾಟು, ತಳದ ರಬ್ಬರ್ ಎಲ್ಲಾ ಹೊರಗೆ. ಡೀಸೆಲ್ ಟ್ಯಾಂಕ್ ಯಾವ ಕಡೆ ಐತೆ ನೋಡಿದೀಯಲ್ಲ, ಆ ಕಡೆ ಕೆಲಸ ಬಂದ್ರೆ ಟ್ಯಾಂಕ್ ಇಳಿಸಿಯೇ ಮಾಡೋದು, ಅದರಲ್ಲಿ ಚೌಕಾಶಿ ಇಲ್ಲ. ತಿನ್ನರ್ ಡಬ್ಬ ಅಂಗಳದ ಆಚೆ ಇರ್ಲಿ. ಒಂದು ಬಕೆಟ್ ನೀರು, ಒಂದು ಬಾಂಡ್ಲಿ ಮರಳು ಕೈಗೆ ಸಿಗೋ ಹಾಗೆ ಇಟ್ಕೋ. ಪಾಪು ಆ ಬೆಳಕು ನೋಡದ ಹಾಗೆ ಅಕ್ಕನ ಹತ್ರ ಒಳಗೆ ಬಿಡು.

ಎಲ್ಲಾ ಮುಗಿದ ಮೇಲೆ ಕತ್ತಲಾಗೋಕೆ ಬಿಡು. ಗಾಡಿ ಅಡೀಲಿ ಬಲ್ಬ್ ಹಾಕಿ ಮೇಲಿಂದ ನೋಡು. ಬೆಸುಗೆ ಬಿಟ್ಟ ಕಡೆ ಸೂಜಿ ಮೊನೆಯಷ್ಟು ಬೆಳಕು ಕಾಣ್ತದೆ. ಅಷ್ಟಕ್ಕೂ ಟಾಕ ಹಾಕು, ನೀರಿಗೆ ಅಷ್ಟೇ ದಾರಿ ಸಾಕು.

ಕ್ಷಮಿಸು, ಕರು ಕಟ್ಟು ಬಿಚ್ಕೊಂಡಿತ್ತು, ಹೋಗಿ ಬಂದೆ. ಎಲ್ಲಿದ್ದೆ? ಹಾಂ, ಪುಟ್ಟಿ. ಪುಟ್ಟಿ ತಪ್ಪಲ್ಲ, ಅದರ ಜಾಗ ಬೇರೆ. ವೆಲ್ಡಿಂಗ್ ಆದ ಮೇಲೆ ಉಳಿಯೋ ತಗ್ಗು ಸಮ ಮಾಡೋಕೆ ಬೆರಳುಗುರಿನ ದಪ್ಪ ಹಾಕು. ತೂತು ಮುಚ್ಚೋಕೆ, ತುಕ್ಕಿನ ಮೇಲೆ ಮೆತ್ತೋಕೆ ಅಲ್ಲ. ಅದು ತೇವ ಹೀರ್ತದೆ, ಹೀರಿದ್ದನ್ನ ಅಡಿಯ ಕಬ್ಬಿಣಕ್ಕೆ ಕುಡಿಸ್ತದೆ. ಹಾಗಾಗಿ ಬರೀ ತಗಡಿಗೆ ಮೊದಲು ಎಪಾಕ್ಸಿ ಪ್ರೈಮರ್ ಹೊಡಿ, ಎರಡು ಡಬ್ಬ ಬೆರೆಸೋದು ಬರ್ತದಲ್ಲ ಅದು, ಅದರ ಮೇಲೆ ಪುಟ್ಟಿ. ರೆಡ್ ಆಕ್ಸೈಡ್ ಅಗ್ಗ, ತಳಕ್ಕೆ ಅಡಿಯಿಂದ ಹೊಡಿ ಬೇಕಾದ್ರೆ, ಆದ್ರೆ ಅದೊಂದನ್ನೇ ಹೊಡೆದು ಬಿಟ್ರೆ ನೀರು ಇಳೀತದೆ, ಮೇಲೆ ಬಣ್ಣ ಬೀಳಲೇಬೇಕು. ಉಜ್ಜಿದ ದಿನವೇ ಪ್ರೈಮರ್. ಈ ಮೋಡದ ವಾತಾವರಣದಲ್ಲಿ ಸಂಜೆ ಉಜ್ಜಿ ನಾಳೆ ನೋಡೋಣ ಅಂದ್ರೆ ಬೆಳಿಗ್ಗೆಗೆ ಮತ್ತೆ ಕೆಂಪು ಪುಡಿ ಕೂತಿರ್ತದೆ. ಗ್ರೈಂಡರ್ ಹೋಗದ ಸಂದಿಗೊಂದಿಗೆ ರಸ್ಟ್ ಕನ್ವರ್ಟರ್ ಸಿಗ್ತದೆ, ಫಾಸ್ಪಾರಿಕ್ ಆಸಿಡ್ ಇರೋದು. ಸಡಿಲ ಪುಡಿ ಎಲ್ಲಾ ಬ್ರಷ್ಷಲ್ಲಿ ತೆಗೆದು ಹಚ್ಚಿದ್ರೆ ಕರ್ರಗಾಗಿ ಗಟ್ಟಿ ಕೂತ್ಕೊಳ್ತದೆ. ಬಾಗಿಲ ಸಣ್ಣ ಕ್ಲಿಪ್ಪು, ಬೋಲ್ಟು ಇದ್ದಾವಲ್ಲ, ಅವನ್ನ ಹುಣಸೇಹಣ್ಣಿನ ನೀರಲ್ಲಿ ರಾತ್ರಿ ನೆನೆಸು, ಅಮ್ಮ ಹಿತ್ತಾಳೆ ತಂಬಿಗೆ ತಿಕ್ಕೋ ಹಾಗೇ. ಬೆಳಿಗ್ಗೆ ತೊಳೆದು ತಕ್ಷಣ ಒರೆಸಿ ಎಣ್ಣೆ ಕೈ ಆಡಿಸು.

ಬಾಗಿಲು ಕೊಳೆತಿರೋದಕ್ಕೆ ಕಾರಣ ಬೇರೆ. ಬಾಗಿಲ ಕೆಳಗಿನ ಅಂಚಲ್ಲಿ ಬೆರಳುಗುರಿನಷ್ಟು ಸಣ್ಣ ಸಣ್ಣ ತೂತು ಕಾಣ್ತದೆ, ಗಾಜಿನ ಸಂದೀಲಿ ಇಳಿದ ನೀರು ಹೊರಗೆ ಹೋಗೋಕೆ ಅಂತ ಬಿಟ್ಟಿರೋದು. ನಿನ್ನ ಮೂರನೇ ಫೋಟೋ ದೊಡ್ಡದು ಮಾಡಿ ನೋಡ್ದೆ, ಎಲ್ಲಾ ಮಣ್ಣು ಮೆತ್ತಿ ಮುಚ್ಚೈತೆ. ಬಾಗಿಲೊಳಗೆ ನೀರು ಕೆರೆ ಕಟ್ಟಿ ನಿಂತಿರ್ತದೆ ಪಾಪ. ಇವತ್ತೇ ಒಂದು ಸೈಕಲ್ ಕಡ್ಡಿ ತಗೊಂಡು ಚುಚ್ಚು. ಮತ್ತೆ ಪುಟ್ಟಿ ಹಾಕೋವಾಗ ಅವನ್ನ ಮುಚ್ಚಿಬಿಡಬೇಡ, ಬೆಂಕಿಕಡ್ಡಿ ಸಿಕ್ಕಿಸಿಟ್ಟು ಆಮೇಲೆ ಕಿತ್ತುಹಾಕು. ತಳದ ಎಡ ಮೂಲೇಲೂ ನೀರು ಇಳಿಯೋಕೆ ಒಂದು ತೂತು ನಾನೇ ಕೊರೆದು ಕೊಡ್ತೀನಿ. ಇನ್ಮೇಲೆ ಮಾರ್ಕೆಟ್ಟಿಂದ ಬಂದ ದಿನವೇ ತೊಳಿ, ತೊಳೆದ ಮೇಲೆ ಮೂತಿ ಏರಿನ ಕಡೆ ಮಾಡಿ ನಿಲ್ಲಿಸು, ಹಿಂದಿನ ಡೋರ್ ಬಿಚ್ಚಿ ಬಿಡು.

ಶ್ರೀನಿವಾಸಣ್ಣ ಕೇಳಿದ್ರು, ಇಷ್ಟೆಲ್ಲಾ ಯಾಕೆ, ಗುಜರಿಗೆ ಹಾಕಿ ಹೊಸದು ತಗೊಳ್ಳಿ ಅಂತ. ಅಣ್ಣಾ, ನೀವು ಹೇಳೋದ್ರಲ್ಲಿ ಲೆಕ್ಕ ಐತೆ. ಆದ್ರೆ ಇಂಜಿನ್ ಗಟ್ಟಿ ಐತೆ, ಗೇರ್ ಬಾಕ್ಸ್ ಹೋದ ವರ್ಷವಷ್ಟೇ ಮಾಡಿಸಿದ್ದಾನೆ. ಹೊಸ ಗಾಡಿ ಕಂತು ಟೊಮೇಟೊ ರೇಟ್ ನೋಡ್ಕೊಂಡು ಬರಲ್ಲ, ಬಾಕ್ಸು 80 ರೂಪಾಯಿಗೆ ಇಳಿದ ತಿಂಗಳೂ ಕಟ್ಟಬೇಕು. ಇನ್ನೊಂದು ಮಾತು. ಈ ಗಾಡಿ ಮನೆಗೆ ಬಂದ ದಿನ ಭಾವ ಕೋಲಾರಮ್ಮನ ಗುಡಿ ಮುಂದೆ ನಿಲ್ಲಿಸಿ ಪೂಜೆ ಮಾಡಿಸಿದಾಗ ನಿಂಬೆಹಣ್ಣು ಚಕ್ರದಡಿ ಇಟ್ಟೋನು ನಾನು. ಕೈಲಾಗೋ ಕೆಲಸ ಇದ್ದಾಗ ಅದನ್ನ ಗುಜರಿ ತಕ್ಕಡೀಲಿ ನೋಡೋಕೆ ನನ್ನ ಕೈಲಾಗಲ್ಲ. ಸ್ಕ್ರೂಡ್ರೈವರ್ ಚಾಸೀಲಿ ಇಳಿದ್ರೆ ಮಾತ್ರ ನಿಮ್ಮ ಮಾತೇ ಸರಿ, ಆಗ ನಾನೇ ಮುಂದೆ ನಿಂತು ಮಾರಿಸ್ತೀನಿ.

ಸುರೇಶ, ಟಿಂಕರ್ ಹುಡುಗನಿಗೆ ಒರಟಾಗಿ ಹೇಳಬೇಡ, ಭಾನುವಾರ ನಮ್ಮ ಮಾವ ಬರ್ತಾರೆ, ಆಮೇಲೆ ಹೇಳ್ತೀನಿ ಅನ್ನು. ಬೇಕಾದ್ರೆ ಅವನೂ ಬರ್ಲಿ, ಟಾಕ ಹಾಕೋಕೆ ಎರಡು ಕೈ ಜಾಸ್ತಿ ಇದ್ರೆ ಒಳ್ಳೇದು. ನಾನು ಬೆಳಿಗ್ಗೆ ಮೊದಲ ಬಸ್ಸಿಗೆ ಹೆಲ್ಮೆಟ್ಟು, 2 ಎಂಎಂ ರಾಡು, ಕಟಿಂಗ್ ವೀಲು ತಗೊಂಡು ಬರ್ತೀನಿ. ನೀನು ಅಷ್ಟರೊಳಗೆ ಮ್ಯಾಟ್ ಕಿತ್ತು ಬಿಸಿಲಿಗೆ ಹಾಕಿರು, ಹಿಂದಿನ ತಳ ಒಂದು ಸಲ ತೊಳೆದು ಒಣಗಿಸಿರು. ಇವತ್ತು ಸಂಜೆ ಟಾರ್ಚ್ ಹಿಡಿದು ಗಾಡಿ ಅಡಿಗೆ ಮಲಗಿ, ಅಡ್ಡಪಟ್ಟಿ ಒಂದೊಂದರದ್ದೂ ಫೋಟೋ ತೆಗೆದು ಹಾಕು. ಎಡಗಡೆ ಎರಡನೇದು ಹತ್ರದಿಂದ ತೆಗಿ, ಅದರ ಮೇಲೇ ನನಗೆ ಅನುಮಾನ.