ಮನೆ ಶೆಡ್ಡಲ್ಲಿ ಕಾರ್ ಎತ್ತೋಕೆ ಯಾವ ಜಾಕ್ ತಗೊಳ್ಲಿ? ಚಿರೆಕಲ್ಲು ಇಟ್ರೆ ಸಾಕಾ?

ಪ್ರಶ್ನೆ (ಕುಮಟಾ): ನಮಸ್ಕಾರ ಅಣ್ಣ, ನಮ್ಮನೆ ಸಮುದ್ರಕ್ಕೆ ಹತ್ರ, ವ್ಯಾಗನ್ ಆರ್ ಅಡಿಗೆಲ್ಲ ತುಕ್ಕು ಹಿಡೀತಾ ಇದೆ, ಮಳೆಗಾಲ ಶುರುವಾಗೋದ್ರೊಳಗೆ ನಾನೇ ಕೆಳಗೆ ಮಲಗಿ ಕೆರೆದು ಕೋಟಿಂಗ್ ಹೊಡಿಯೋಣ ಅಂತ ಇದ್ದೇನೆ. ಶೆಡ್ಡಿಗೆ ಸಿಮೆಂಟ್ ನೆಲ ಇದೆ. ಕಾರಿನ ಜೊತೆ ಬಂದ ಜಾಕಲ್ಲೇ ಎತ್ತಿ ನಾಕೂ ಕಡೆ ಚಿರೆಕಲ್ಲು ಪೇರಿಸು, ಮನೆ ಭಾರಾನೇ ಹೊರೋ ಕಲ್ಲಿಗೆ ಕಾರು ಯಾವ ಲೆಕ್ಕ ಅಂತಾರೆ ಪಕ್ಕದ್ಮನೆಯವ್ರು. ಹಾಗೆ ಮಾಡ್ಬಹುದಾ, ಇಲ್ಲ ಗಾಲಿ ಇರೋ ಟ್ರಾಲಿ ಜಾಕ್ ತಗೊಳ್ಬೇಕಾ?

ಉತ್ತರ (ಮೆಕ್ಯಾನಿಕ್, ಅಂಕೋಲಾ): ತಮ್ಮಾ, ಮೊದ್ಲು ಚಿರೆಕಲ್ಲು ಬಿಟ್ಬಿಡು. ಗೋಡೆಯಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡಿರ್ತದೆ, ಕಾರಿನ ಅಡಿ ಅಂಚು ಕೂರೋದು ಒಂದು ಬೆರಳಗಲದ ಗೆರೆ ಮೇಲೆ. ಚಿರೆಕಲ್ಲೊಳಗೆ ತೂತು ತೂತು, ಮೇಲಿಂದ ಗಟ್ಟಿ ಕಂಡ್ರೂ ಒಡೆಯುವಾಗ ಬಿರುಕು ತೋರಿಸಿ ಒಡೆಯೋದಿಲ್ಲ. ನಾನು ಕೆಲಸ ಕಲಿಯುವಾಗ ಕಣ್ಣಾರೆ ನೋಡಿದ್ದೇನೆ, ಕಲ್ಲಿನ ಮೇಲೆ ನಿಲ್ಸಿದ್ದ ಕಾರು, ಹುಡುಗ ಸ್ಪ್ಯಾನರ್ ತರೋಕೆ ಹೊರಗೆ ಬಂದಿದ್ದ, ಟಪ್ ಅಂತ ಒಂದೇ ಸದ್ದು, ಕಲ್ಲು ಕೆಂಪು ಪುಡಿ ಆಗಿತ್ತು, ಬ್ರೇಕ್ ಡ್ರಮ್ ನೆಲಕ್ಕೆ ಬಡಿದು ಸಿಮೆಂಟ್ ಕಿತ್ತು ಬಂದಿತ್ತು. ಅವನು ಮಲಗಿದ್ದ ಗೋಣಿಚೀಲ ಕಾರಿನಡಿಗೇ ಇತ್ತು. ಸಿಮೆಂಟಿನ ಟೊಳ್ಳು ಬ್ಲಾಕೂ ಹಾಗೇ, ಬೇಡ.

ಕಾರಿನ ಜೊತೆ ಬರೋ ಜಾಕ್ ದಾರಿ ಮೇಲೆ ಟಯರ್ ಬದಲಾಯಿಸೋಕೆ ಮಾತ್ರ. ನೀನು ಮನೆಗೆ ಟ್ರಾಲಿ ಜಾಕ್ ತಗೋ, 2 ಟನ್ನಿಂದು ಸಾಕು, ನಿನ್ನ ಕಾರು ಸುಮಾರು 800 ಕೆಜಿ ಚಿಲ್ಲರೆ. ಆದ್ರೆ ಅದ್ರ ಜೊತೆಗೆ ಒಂದು ಜೊತೆ ಜಾಕ್ ಸ್ಟ್ಯಾಂಡ್ ತಗೊಳ್ದೆ ಅಂಗಡಿಯಿಂದ ಹೊರಗೆ ಬರ್ಬೇಡ. ಜಾಕ್ ಇರೋದು ಎತ್ತೋಕೆ, ಹೊತ್ತು ನಿಲ್ಲೋದು ಸ್ಟ್ಯಾಂಡ್. ಟ್ರಾಲಿ ಜಾಕ್ ಅಂದ್ರೆ ಎಣ್ಣೆ ಒತ್ತಡದಲ್ಲಿ ಎತ್ತೋ ಹೈಡ್ರಾಲಿಕ್ ಜಾಕು, ಅದರೊಳಗೆ ಒಂದು ರಬ್ಬರ್ ಸೀಲ್ ಎಣ್ಣೆ ತಡೆದು ಹಿಡಿದಿರ್ತದೆ, ಅದು ಹೋಯ್ತು ಅಂದ್ರೆ ಕಾರು ಕೆಳಗೆ. ಸ್ಟ್ಯಾಂಡಲ್ಲಿ ಕಬ್ಬಿಣದ ಪಿನ್ ಅಡ್ಡ ಹಾಕೋ ಥರದ್ದು ನನಗೆ ಇಷ್ಟ, ಹಲ್ಲಿನ ಥರದ್ದಾದ್ರೆ ಹಲ್ಲು ಪೂರ್ತಿ ಕಚ್ಚಿದೆಯಾ ನೋಡ್ಕೋ, 2020ರಲ್ಲಿ ಅಮೆರಿಕದಲ್ಲಿ ಹಲ್ಲು ಜಾರ್ತದೆ ಅಂತ 3 ಟನ್, 6 ಟನ್ ಸ್ಟ್ಯಾಂಡುಗಳನ್ನ ವಾಪಸ್ ಕರೆಸ್ಕೊಂಡಿದ್ರು.

ಪ್ರಶ್ನೆ (ಶಿರಸಿ): ನಮ್ದು ಮಣ್ಣಿನ ಅಂಗಳ, ಸ್ವಲ್ಪ ಇಳಿಜಾರೂ ಇದೆ. ಜಾಕ್ ಅಡಿಗೆ ಅಡಿಕೆ ದಬ್ಬೆ ಹಾಕಿದ್ರೆ ಆಗ್ತದಾ?

ಉತ್ತರ (ಮೆಕ್ಯಾನಿಕ್, ಅಂಕೋಲಾ): ದಬ್ಬೆ ಬೇಡ್ರಿ, ಉದ್ದುದ್ದ ಸೀಳ್ತದೆ. ಇಳಿಜಾರಲ್ಲಂತೂ ಎತ್ಲೇಬೇಡಿ. ಟ್ರಾಲಿ ಜಾಕಿನ ಕೈ ನೇರ ಮೇಲೆ ಹೋಗೋದಿಲ್ಲ, ಕಮಾನಿನ ಹಾಗೆ ಏಳ್ತದೆ, ಏಳ್ತಾ ಏಳ್ತಾ ಜಾಕಿನ ಗಾಲಿ ಕಾರಿನಡಿಗೆ ಉರುಳಿ ಹೋಗ್ಬೇಕು, ಮಣ್ಣಲ್ಲಿ ಗಾಲಿ ಹೂತ್ರೆ ಜಾಕ್ ಅಲ್ಲೇ ನಿಲ್ತದೆ, ಅದರ ತಲೆ ಕಾರಿನ ಅಂಚಿಂದ ಜಾರ್ತದೆ. ಸಮ ನೆಲ, ಅದ್ರ ಮೇಲೆ ಜಾಕು ಸ್ಟ್ಯಾಂಡು ಎಲ್ಲಾ ಕೂರೋ ಅಷ್ಟಗಲದ ದಪ್ಪ ಪ್ಲೈವುಡ್, ಅದೂ ಮಣ್ಣು ಒಣಗಿರುವಾಗ. ಮಳೆಗಾಲದಲ್ಲಿ ಸಿಮೆಂಟ್ ನೆಲ ಇರೋರ ಮನೇಲಿ ಮಾಡ್ಕೊಳ್ಳಿ.

ಇನ್ನೊಂದು, ಇದು ತುಂಬಾ ಜನ ಮರೀತಾರೆ. ಹ್ಯಾಂಡ್ ಬ್ರೇಕ್ ಸಾಮಾನ್ಯವಾಗಿ ಹಿಂದಿನ ಚಕ್ರಕ್ಕೆ. ಹಿಂದುಗಡೆ ಎತ್ತಿದ್ರಿ ಅಂದ್ರೆ ಆ ಬ್ರೇಕ್ ಗಾಳೀಲಿ ಹಿಡ್ಕೊಂಡಂಗೆ, ಕಾರು ಮುಂದೆ ಉರುಳ್ತದೆ. ಹಾಗಾಗಿ ಫಸ್ಟ್ ಗೇರ್ ಹಾಕಿ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಮತ್ತಿ ಮರದಂಥ ಗಟ್ಟಿ ಮರದ ತುಂಡು ಒತ್ತಿ ಇಡಿ.

ಪ್ರಶ್ನೆ (ಕುಮಟಾ): ಅಣ್ಣ, ಜಾಕು ಸ್ಟ್ಯಾಂಡು ಎರಡೂ ತಂದೆ. ಜಾಕ್ ಕೊಡೋ ಜಾಗ ನೋಡ್ದೆ, ಬಾಗಿಲ ಕೆಳಗಿನ ಅಂಚಲ್ಲಿ ಎರಡು ಕಚ್ಚಿನ ಮಧ್ಯ. ಎಡಗಡೆ ಹಿಂದೆ ಸ್ಕ್ರೂಡ್ರೈವರ್ ಒತ್ತಿದ್ರೆ ಪದರ ಪದರವಾಗಿ ಉದುರ್ತಾ ಇದೆ.

ಉತ್ತರ (ಮೆಕ್ಯಾನಿಕ್, ಅಂಕೋಲಾ): ಒತ್ತಿ ನೋಡಿದ್ದು ಬಹಳ ಒಳ್ಳೇದಾಯ್ತು ತಮ್ಮಾ. ಅಲ್ಲಿ ಜಾಕ್ ಕೊಡ್ಲೇಬೇಡ, ತಗಡು ಒಳಗೆ ಹೊಕ್ಕು ಕಾರು ಕೂತ್ಬಿಡ್ತದೆ. ಉಪ್ಪುಗಾಳಿ ಕರಾವಳಿ ಕಾರಿಗೆ ಮೊದ್ಲು ತಿನ್ನೋದೇ ಆ ಜಾಗ. ಕೋಟಿಂಗ್ ಆಮೇಲೆ, ಮೊದ್ಲು ಬಾಡಿ ವೆಲ್ಡಿಂಗ್ ಮಾಡೋರ ಹತ್ರ ಒಯ್ದು ಕೊಳೆತ ತಗಡು ಕತ್ತರಿಸಿ ಹೊಸದು ಹಾಕಿಸು. ಸದ್ಯಕ್ಕೆ ಮುಂದುಗಡೆ ಗಟ್ಟಿ ಇದ್ರೆ ಅಷ್ಟು ಮಾತ್ರ ಮಾಡ್ಕೋ, ಹಿಂದಿನ ಚಕ್ರಕ್ಕೆ ಮರದ ತುಂಡು ಕೊಟ್ಟು, ಸ್ಟ್ಯಾಂಡ್ ಮೇಲೆ ಕೂರಿಸಿದ ಮೇಲೆ ಸೊಂಟಕೊಟ್ಟು ಕಾರನ್ನ ಜೋರಾಗಿ ಅಲ್ಲಾಡಿಸು, ಅಲುಗಾಡಿದ್ರೆ ಇಳಿಸಿ ಮತ್ತೆ ಮೊದ್ಲಿಂದ. ಬಿಚ್ಚಿದ ಚಕ್ರ ಗೋಡೆಗೆ ಒರಗಿಸ್ಬೇಡ, ಕಾರಿನಡಿಗೆ ಮಲಗಿಸಿಡು. ಮತ್ತೆ ಮನೇಲಿ ಒಬ್ರಾದ್ರೂ ಇರುವಾಗ್ಲೇ ಕೆಳಗೆ ಹೋಗು.